ಗಣ್ಯರ ಕ್ಯೂ

ನಗರಸಭೆಯ ನೀರಿನ ದೂರುಗಳಿಗೆ ಜುಬೇದಾ ಅಚ್ಚುಕಟ್ಟಾದ ವ್ಯವಸ್ಥೆ ಮಾಡಿದ್ದಳು. ಜನರ ಮೊಬೈಲ್‌ನಿಂದ ಹೊರಟ ಸಂದೇಶ ಬಂದು ಕ್ಯೂನಲ್ಲಿ ನಿಲ್ಲುತ್ತಿತ್ತು. ಕಚೇರಿಯ ಸರ್ವರ್ ಒಂದೊಂದನ್ನೇ ಎತ್ತಿ ನೀರುಗಂಟಿಗೆ ದಾಟಿಸುತ್ತಿತ್ತು. ಮೊದಲು ಬಂದವರ ಕೆಲಸ ಮೊದಲು.

ಪೌರಾಯುಕ್ತರಿಗೆ ಇದು ಹಿಡಿಸಲಿಲ್ಲ.

"ಏನಮ್ಮಾ, ಶಾಸಕರ ಮನೆ ದೂರೂ ಎಲ್ಲರ ಹಿಂದೆ ನಿಲ್ಬೇಕಾ?"

"ಶಾಸಕರು ಯಾರು ಅಂತ ಕ್ಯೂಗೆ ಗೊತ್ತಾಗಲ್ಲ ಸಾರ್."

"ಹಂಗಾದ್ರೆ ಗಣ್ಯರಿಗೇ ಇನ್ನೊಂದು ಕ್ಯೂ ಮಾಡು. ಅದಕ್ಕೆ ಬೇರೆ ಸರ್ವರ್ ಇಡು."

ಮಾಡಿದಳು. ದೂರಿನ ನಮೂನೆಗೆ 'ಯಾರ ಕಡೆಯವರು?' ಎಂಬ ಖಾನೆಯೂ ಸೇರಿತು. ವಾರ ಕಳೆಯುವಷ್ಟರಲ್ಲಿ, ಯಾರ ಕಡೆಯವರೂ ಅಲ್ಲದವರು ಊರಿನಲ್ಲಿ ಒಬ್ಬರೂ ಉಳಿಯಲಿಲ್ಲ. ಗಣ್ಯರ ಕ್ಯೂನಲ್ಲಿ ಒಂಬತ್ತು ಸಾವಿರ ದೂರುಗಳು ಜಮಾಯಿಸಿದವು; ಹಳೆಯ ಕ್ಯೂ ಖಾಲಿಯಾಗಿ, ಅದರ ಸರ್ವರ್ ಆಕಳಿಸುತ್ತಾ ಕೂತಿತು.

ಸೋಮವಾರ ಪೌರಾಯುಕ್ತರು ಬೆವರೊರೆಸಿಕೊಳ್ಳುತ್ತಾ ಅವಳ ಮೇಜಿನ ಬಳಿ ಬಂದರು.

"ಶಾಸಕರ ಮನೇಲಿ ನಾಲ್ಕು ದಿನದಿಂದ ನೀರಿಲ್ಲ ಕಣಮ್ಮಾ. ಶಿಫಾರಸು ಪತ್ರ ಕಳಿಸಿದಾರೆ, ನೋಡು."

ಲೆಟರ್‌ಹೆಡ್ಡಿನ ಕೆಳಗಿದ್ದ ಒಂದೇ ಸಾಲನ್ನು ಜುಬೇದಾ ಓದಿದಳು: "ವಿಶೇಷ ಪ್ರಕರಣವೆಂದು ಪರಿಗಣಿಸಿ, ನನ್ನನ್ನು ಜನಸಾಮಾನ್ಯರ ಕ್ಯೂಗೆ ಸೇರಿಸತಕ್ಕದ್ದು."