ಅಮ್ಮ ಫಿನಾಯಿಲ್ ತರಿಸುತ್ತಿರಲಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಫಿನಾಯಿಲ್ ಹಾಕಿ ಒರೆಸಿದ ದಿನ ನನಗೆ ಚಾಮರಾಜಪೇಟೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಅಮ್ಮ ತೀರಿಕೊಂಡು, ಹದಿಮೂರನೇ ದಿನದ ಊಟವೂ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಅಲ್ಲಿಯವರೆಗೆ ಪೊರಕೆ ಮುಟ್ಟದಿದ್ದ ಅಪ್ಪ ಫಿನಾಯಿಲ್ ತಂದು, ಅಮ್ಮ ಮಲಗುತ್ತಿದ್ದ ಕೋಣೆಯ ಕೆಂಪು ನೆಲಕ್ಕೆ ಸುರಿದು ಒರೆಸಿದರು. ನೆಲ ಒಣಗುವ ಮೊದಲೇ ಅಮ್ಮನ ಬೆಕ್ಕು ಚಿನ್ನಿ ಅದರ ಮೇಲೆ ನಡೆದು ಬಂದು ಪಾದ ನೆಕ್ಕತೊಡಗಿತು.

ಎದುರುಮನೆಯ ತಾತ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ನಮ್ಮನ್ನು ಮಾತಾಡಿಸಲು ಬಂದವರು ಅದನ್ನು ನೋಡಿದರು.

"ನೆಕ್ಕೋಕೆ ಬಿಡ್ಬೇಡಿ. ಫಿನಾಯಿಲ್ ಬೆಕ್ಕಿಗೆ ವಿಷ ಕಣ್ರೀ. ಮೊದ್ಲು ಸೋಪು ಹಾಕಿ ಅದರ ಕಾಲು ತೊಳೀರಿ. ನೆಲಕ್ಕೆ ಬಿಸಿನೀರು, ಚೂರು ಸೋಪಿನ ಪುಡಿ ಸಾಕು. ನಿಮ್ಮನೇವ್ರು ಹಾಗೇ ಮಾಡ್ತಿದ್ರಲ್ಲ."

ಅಪ್ಪ ಒರೆಸುವ ಬಟ್ಟೆ ಕೆಳಗಿಟ್ಟರು. "ನನಗ್ ಗೊತ್ತೇ ಇರ್ಲಿಲ್ಲ," ಎಂದರು.

ನಾನು ಚಿನ್ನಿಯನ್ನು ಹಿಡಿದುಕೊಂಡೆ. ಅಪ್ಪ ಒಂದೊಂದೇ ಪಾದ ತೊಳೆದರು. ಅದು ಪರಚಿದರೂ ಕೈ ಬಿಡಲಿಲ್ಲ. ಆಮೇಲೆ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಇಡೀ ಕೋಣೆಯನ್ನು ಮೂರು ಸಲ ಬಿಸಿನೀರಲ್ಲಿ ಒರೆಸಿದರು.

ನೆಲ ಒಣಗಿದ ಮೇಲೆ ಚಿನ್ನಿ ಒಳಗೆ ಹೋಗಿ ಮಂಚದ ಮೇಲೆ, ಕೆಳಗೆ, ಮೂಲೆಮೂಲೆಯಲ್ಲಿ ಮೂಸಿತು. ಮತ್ತೆ ಹೊರಗೆ ಬಂದು ಹೊಸ್ತಿಲ ಮೇಲೆ ಕೂತು ಕೂಗತೊಡಗಿತು.

"ಇನ್ನೂ ಫಿನಾಯಿಲ್ ವಾಸನೆ ಇದೆಯೇನೋ," ಎನ್ನುತ್ತಾ ಅಪ್ಪ ಮತ್ತೆ ನೀರು ಕಾಯಿಸಲು ಹೋದರು.

ಅದು ಹುಡುಕುತ್ತಿದ್ದದ್ದು ಯಾರನ್ನು ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.