ಯಜಮಾನರಿಗೆ ಗೊತ್ತಾಗಬಾರದು

ಬೆಳಿಗ್ಗೆ ಆರೂವರೆಗೆ ತೊಟ್ಟಿಯ ನೀರಿನ ಉಷ್ಣತೆ ನೋಡಲು ಹಾಲಿಗೆ ಬಂದ ಸೊಸೆಗೆ ಸಾವು ಕಂಡಿತು. ಬಾಯಿ ಅರೆ ತೆರೆದಿತ್ತು. ಕಣ್ಣು ಮುಚ್ಚಿರಲಿಲ್ಲ. ಮೀನಿನ ತೊಟ್ಟಿಯ ಪಂಪು ಮಾತ್ರ ಗುಳುಗುಳು ಎನ್ನುತ್ತಿತ್ತು.

ಅವಳು ಕೂಗಲಿಲ್ಲ. ಯಜಮಾನರು ಅಲ್ಲೇ ಇದ್ದರು, ಗೋಡೆಯ ಕಡೆ ಮುಖ ಮಾಡಿಕೊಂಡು.

ಒಳಗೆ ಓಡಿ ಗಂಡನನ್ನು ಅಲುಗಿಸಿದಳು. “ಏಳಿ. ಉಸಿರಿಲ್ಲ. ಮೈಯೆಲ್ಲ ತಣ್ಣಗಿದೆ.”

ಗಂಡ ದಡಬಡಿಸಿ ಎದ್ದು ಕೂತ. “ಯಜಮಾನ್ರು ನೋಡಿದ್ರಾ?”

“ಇಲ್ಲ. ನೋಡಿದ್ರೆ ಅವರೂ ಉಳೀತಾರಾ?”

ಭಯಕ್ಕೆ ಕಾರಣವಿತ್ತು. ಹೋದ ವರ್ಷ ಜೊತೆಯಾಕೆ ತೀರಿಕೊಂಡಾಗ ಯಜಮಾನರು ಹನ್ನೊಂದು ದಿನ ತುತ್ತು ಮುಟ್ಟಿರಲಿಲ್ಲ. ಅವರನ್ನು ಬದುಕಿಸಿದ್ದು ಈಗ ಹೋದ ಈ ಜೀವವೇ. ಗಾಜಿನ ಆಚೆಗೊಬ್ಬರು, ಈಚೆಗೊಬ್ಬರು. ಮುಖ ಮುಖ ನೋಡಿಕೊಂಡರೆ ಮಾತ್ರ ಊಟ. ಒಂದರ ಹಿಂದೆ ಇನ್ನೊಂದು ಸಾವನ್ನು ಈ ಮನೆ ತಡೆಯಲಾರದು.

ತಣ್ಣೀರಿನ ಮೀನೆಂದು ಮನೆಗೆ ಮನೆಯೇ ನಡುಗುತ್ತಿತ್ತು. ನೀರು ಹದಿನೆಂಟು ಡಿಗ್ರಿ ದಾಟಬಾರದು. ಚಳಿಗಾಲದಲ್ಲೂ ಹಾಲಿನ ಕಿಟಕಿ ತೆರೆದಿರಬೇಕು. ಎಲ್ಲರೂ ಸ್ವೆಟರ್ ತೊಟ್ಟೇ ಕೂರಬೇಕು. ಈ ಕಟ್ಟಪ್ಪಣೆಗೆ ಎದುರಾಡಿದವರಿಲ್ಲ.

ಪಕ್ಕದ ಬೀದಿಯ ಡಾಕ್ಟರು ಚಪ್ಪಲಿ ಕೈಯಲ್ಲಿ ಹಿಡಿದು ಬಂದು, ನೋಡಿ, ತಲೆಯಾಡಿಸಿ ಹೋದರು. ಬಿಳಿ ಬಟ್ಟೆ ಹೊದಿಸಿ ದೇಹವನ್ನು ಸದ್ದಿಲ್ಲದೆ ಒಳಕೋಣೆಗೆ ಸಾಗಿಸಿದ್ದಾಯಿತು. ಗಂಡ ಮೀನಿನ ಅಂಗಡಿಯವನಿಗೆ ಫೋನ್ ಮಾಡಿದ.

“ಅಯ್ಯೋ ಪಾಪ,” ಎಂದ ಅಂಗಡಿಯವನು. “ಅದೇ ತರಹದ ಇನ್ನೊಂದು ಮುಖ ಸಿಗುತ್ತಾ ನೋಡಿ ಸಾರ್. ಬಣ್ಣದಲ್ಲಿ ಮಾತ್ರ ಹುಷಾರು. ಯಜಮಾನ್ರ ಕಣ್ಣು ಚುರುಕು. ಕಂದು ಅಂದ್ರೆ ಕಂದೇ ಇರ್ಬೇಕು.”

“ಕಂಡುಹಿಡಿದ್ರೆ?”

“ಕಂಡುಹಿಡಿದ್ರೆ ನನ್ನ ಹೆಸರು ಹೇಳ್ಬೇಡಿ.”

ಒಂಬತ್ತಕ್ಕೆ ಗಂಡ ಬದಲಿಯೊಂದಿಗೆ ಮರಳಿದ. ಸೊಸೆ ಒಂದು ಸುತ್ತು ಬಂದು ನೋಡಿದಳು.

“ಹೊಟ್ಟೆ ಸ್ವಲ್ಪ ಜಾಸ್ತಿ ಆಯ್ತು.”

“ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ್ದು ಕಣೇ. ಇದಕ್ಕಿಂತ ಹತ್ತಿರದ ಹೋಲಿಕೆ ಎಲ್ಲಿಂದ ತರ್ಲಿ?”

ಬದಲಿಯನ್ನು ಸರಿಯಾದ ಜಾಗಕ್ಕೆ ಬಿಟ್ಟು ಇಬ್ಬರೂ ಬಾಗಿಲ ಹಿಂದೆ ನಿಂತರು.

ಯಜಮಾನರು ನಿಧಾನವಾಗಿ ತಿರುಗಿದರು. ಗಾಜಿನ ಬಳಿ ಬಂದರು. ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು.

“ಗೊತ್ತಾಗೋಯ್ತು ಕಣ್ರೀ,” ಎಂದು ಸೊಸೆ ಗಂಡನ ತೋಳು ಹಿಂಡಿದಳು.

“ಸುಮ್ನಿರೆ. ಯೋಚ್ನೆ ಮಾಡ್ತಿದಾರೆ.”

ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು. ಆಮೇಲೆ ಯಜಮಾನರು ಮೊದಲ ತುತ್ತು ನುಂಗಿದರು. ಎರಡನೆಯದನ್ನೂ.

ಬಟಾಣಿ ತಿನ್ನಿಸಿದ ಒದ್ದೆ ಬೆರಳನ್ನು ತಾವು ತೊಟ್ಟಿದ್ದ ಅಣ್ಣನ ಕಂದು ಸ್ವೆಟರಿಗೆ ಒರೆಸಿಕೊಂಡು, ಅಣ್ಣನೇ ಯಜಮಾನರೆಂದು ಹೆಸರಿಟ್ಟಿದ್ದ ಬಂಗಾರದ ಮೀನಿಗೆ ಕೇಳಿಸದಂತೆ, ಬದಲಿಯಾಗಿ ಕೂತಿದ್ದ ಗಂಡನ ಚಿಕ್ಕಪ್ಪ ಕೈಮುಗಿದರು: “ದೇವರೇ, ಎಪ್ಪತ್ತಾರು ವರ್ಷ ಬಾಳಿ ಹೋದ ನನ್ನ ಅಣ್ಣನ ಆತ್ಮಕ್ಕೆ ಶಾಂತಿ ಕೊಡು.”