ಉಗ್ಗಿನ ಕರಡು

ತಮ್ಮ ಡಿಲೀಟ್ ಕೀ ಮೇಲೆ ಬೆರಳಿಟ್ಟುಕೊಂಡು ಅಕ್ಕನ ಮುಖ ನೋಡಿದ. "ಇದನ್ನ ತೆ... ತೆ... ತೆಗೆದ್ರೆ ನಿಜವಾಗ್ಲೂ ಹೋಗುತ್ತಾ?" ಎಂದ. ಒತ್ತಿ ನೋಡು ಎಂದಳು ಅಕ್ಕ. ಒತ್ತಿದ. ಪರದೆಯ ಮೇಲಿದ್ದ ಗುಡ್ಡಗಳ ಸಾಲಿನಿಂದ ಮೂರು ಪುಟ್ಟ ಗುಡ್ಡಗಳು ಮಾಯವಾದವು. ಸ್ಪೀಕರಿನಿಂದ ಅವನದೇ ದನಿ ಒಂದೇ ಏಟಿಗೆ "ನಮಸ್ಕಾರ" ಎಂದಿತು. ಹುಟ್ಟಿದಾಗಿನಿಂದ ಅವನು ಆ ಪದವನ್ನು ಅಷ್ಟು ಸಲೀಸಾಗಿ ಹೇಳಿದ್ದಿಲ್ಲ.

ಅಕ್ಕನದು ಅಕ್ಷರ ವಿನ್ಯಾಸದ ಕಸುಬು. ಔಷಧಿ ಡಬ್ಬಿಗೆ, ಅಂಗಡಿ ಬೋರ್ಡಿಗೆ ಅಕ್ಷರ ಬರೆದು ಬೇಸತ್ತವಳಿಗೆ ಯಾವಾಗಲೋ ಒಂದು ಹುಚ್ಚು ಹಿಡಿದಿತ್ತು: ದನಿಯ ಅಲೆಯನ್ನೇ ತೋರಿಸುವ ಫಾಂಟ್ ಮಾಡಬೇಕು ಎಂದು. ಆಡಿದ ಮಾತನ್ನು ಕಂಪ್ಯೂಟರ್ ಅಕ್ಷರಗಳ ಸಾಲಾಗಿ ಬರೆದುಕೊಳ್ಳುತ್ತದೆ. ಈ ಫಾಂಟಿನಲ್ಲಿ ಪ್ರತಿ ಅಕ್ಷರವೂ ಒಂದು ಗೆರೆ. ಮೆಲುದನಿಗೆ ಗಿಡ್ಡ ಗೆರೆ, ಜೋರು ದನಿಗೆ ಉದ್ದ ಗೆರೆ, ಮೌನಕ್ಕೆ ಬರೀ ಖಾಲಿ ಜಾಗ; ಗೆರೆಗಳು ಒತ್ತಾಗಿ ನಿಂತರೆ ಗುಡ್ಡಗಳ ಹಾಗೆ ಕಾಣುತ್ತವೆ. ಕಾಗದ ತಿದ್ದಿದ ಹಾಗೆ ಮಾತನ್ನೂ ತಿದ್ದಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯಲ್ಲಿ ಅರ್ಧವನ್ನು ತಾನು ಸುಳ್ಳು ಮಾಡಿದ್ದೇನೆಂದು ಅವಳು ಹೇಳಿಕೊಂಡು ತಿರುಗಿದ್ದೇ ಬಂತು. ಇದನ್ನು ಯಾರಿಗೆ ಮಾರುತ್ತೀಯೆಂದು ಕೇಳಿದವರೇ ಎಲ್ಲ. ಕಡೆಗೂ ಸಿಕ್ಕ ಮೊದಲ ಗಿರಾಕಿ ಒಡಹುಟ್ಟಿದ ತಮ್ಮ, ಅದೂ ಬಿಟ್ಟಿ.

ತಮ್ಮನಿಗೆ ಇದರ ಅಗತ್ಯವೇನೋ ಇತ್ತು. ಅವನು ಭೂಪಟ ಬರೆಯುವವನು. ಬೇರೆ ಊರಿನ ಪ್ರಕಾಶನದಲ್ಲಿ ಅವನ ಭೂಪಟಗಳ ಕರಡು ತಿದ್ದುವವಳೊಬ್ಬಳಿದ್ದಳು. ಒಂದು ನದಿಯ ಹೆಸರಿನ ಒತ್ತಕ್ಷರಕ್ಕಾಗಿ ಇಬ್ಬರ ನಡುವೆ ಶುರುವಾದ ಜಗಳ, ಕಾಗದದ ಮೇಲೆ ಕಾಗದ ಬೆಳೆದು ಬೇರೆಯದೇ ದಾರಿ ಹಿಡಿದಿತ್ತು. ಬರವಣಿಗೆಯಲ್ಲಿ ಅವನದು ಅರಳು ಹುರಿದಂಥ ಮಾತು. ಫೋನ್ ಎಂದರೆ ಮಾತ್ರ ಒಂದಲ್ಲ ಒಂದು ನೆಪ. ಈಗ ಅವಳು, ನಿಮ್ಮ ದನಿ ಒಂದು ಸಲ ಕೇಳಿಸಿ, ಆಮೇಲೆ ಮನೆಯಲ್ಲಿ ಮದುವೆಯ ಮಾತೆತ್ತುತ್ತೇನೆ ಎಂದು ಬರೆದಿದ್ದಳು. ಉಗ್ಗು ಕಿವಿಗೆ ಬಿದ್ದ ಗಳಿಗೆಯಲ್ಲೇ ಎಲ್ಲ ಮುಗಿಯುತ್ತದೆಂದು ತಮ್ಮನ ಪ್ರಾಣ ಬಾಯಿಗೆ ಬಂದಿತ್ತು.

ಅವಳಿಗೆಂದು ಅವನು ಆಡಿದ ಮಾತಿನಲ್ಲಿ ಅಕ್ಕ ತಮ್ಮ ಮಧ್ಯಾಹ್ನವೆಲ್ಲ ಕೂತು ಕಳೆ ಕಿತ್ತರು. ಎರಡೆರಡು ಸಲ ಬಂದ ಗುಡ್ಡಗಳನ್ನು ಅಳಿಸಿದರು, ಮಾತು ಗಂಟಲಲ್ಲಿ ಸಿಕ್ಕಿಕೊಂಡಿದ್ದ ಖಾಲಿ ಜಾಗಗಳನ್ನು ಒತ್ತಾಗಿಸಿದರು. ದನಿ ಸುದ್ದಿ ಓದುವವನ ದನಿಯಂತಾಯಿತು. ಅಕ್ಕನಿಗೆ ಹೆಮ್ಮೆಯೂ ಆಯಿತು, ಒಳಗೊಳಗೇ ಕಸಿವಿಸಿಯೂ ಆಯಿತು.

"ನಾಳೆ ಎದುರಿಗೆ ಸಿಕ್ಕಾಗ ಏನ್ ಮಾಡ್ತೀಯೋ?"

"ಆ... ಆವಾಗಿನ್ದು ಆವಾಗ, ಬಿಡಕ್ಕ."

ಬರೀ ದನಿಯನ್ನು ಕಳಿಸಿದ್ದರೆ ಸಾಕಿತ್ತು. ಆದರೆ ಅಕ್ಷರವೇ ಜೀವವಾದ ಆ ಕರಡು ತಿದ್ದುವವಳು ಮಾತು ಅಕ್ಷರವಾಗಿ ಕಂಡರೆ ಹಿಗ್ಗುತ್ತಾಳೆ ಎಂದು ತಮ್ಮ. ತನ್ನ ಫಾಂಟನ್ನು ಹೊರಗಿನವರೊಬ್ಬರು ನೋಡಲಿ ಎಂದು ಅಕ್ಕ. ಫಾಂಟನ್ನೂ ತಿದ್ದಿದ ಫೈಲನ್ನೂ ಸೇರಿಸಿ ಕಳಿಸಿಬಿಟ್ಟರು. ಆಮೇಲೆ ಲೋಟ ತೊಳೆಯುತ್ತ ನಿಂತಿದ್ದಾಗ ಅಕ್ಕನಿಗೆ ಥಟ್ಟನೆ ಹೊಳೆಯಿತು. ಅವಳ ಕಂಪ್ಯೂಟರ್ ಅಳಿಸಿದ್ದನ್ನು ನಿಜವಾಗಿ ಅಳಿಸುತ್ತಿರಲಿಲ್ಲ. ಯಾರು ಏನು ತಿದ್ದಿದರೆಂದು ತಿಳಿಯಲಿ ಎಂದು, ಅದರ ಮೇಲೆ ಕೆಂಪು ಗೆರೆ ಎಳೆದು ಇಟ್ಟುಕೊಳ್ಳುತ್ತಿತ್ತು. ಅಲೆಯ ಅಂದ ಕೆಡುತ್ತದೆಂದು ಆ ಕೆಂಪನ್ನು ಅವಳು ತನ್ನ ಪರದೆಯಲ್ಲಿ ಮರೆಮಾಡಿದ್ದಳು, ಅಷ್ಟೇ. ಅತ್ತ ಕಡೆ ಫೈಲು ತೆರೆದರೆ ಒಂದೊಂದು ತೊದಲೂ ಕೆಂಪಗೆ ಕಾಣುತ್ತದೆ. ನೋಡುವ ಕಣ್ಣಾದರೂ ಯಾರದು? ಕೆಂಪು ಗೆರೆ ನೋಡಿಯೇ ಹೊಟ್ಟೆ ಹೊರೆಯುವವಳದು.

ಅಕ್ಕ ಹೇಳಿದಾಗ ತಮ್ಮ ಸಿಟ್ಟು ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಸಂಕಟವಾಯಿತು. ಉಗ್ಗಿದ್ದರೆ ಉಗ್ಗ ಎಂದಷ್ಟೇ ಆಗುತ್ತಿತ್ತು, ಈಗ ಸುಳ್ಳನೂ ಆದೆ ಎಂದು ತಡವರಿಸುತ್ತ ಹೇಳಿ ಒಳಗೆ ಹೋಗಿ ಮಲಗಿಬಿಟ್ಟ.

ಬೆಳಿಗ್ಗೆ ಉತ್ತರ ಬಂದಿತ್ತು, ಜೊತೆಗೆ ಅದೇ ಫೈಲು. ಒಕ್ಕಣೆ ಒಂದೇ ಸಾಲು: "ತಿದ್ದುಪಡಿಗಳನ್ನೆಲ್ಲ ತಿರಸ್ಕರಿಸಿದ್ದೇನೆ." ತಮ್ಮನ ಕಣ್ಣಿಗೆ ಬಿದ್ದದ್ದು ಕೊನೆಯ ಪದ ಮಾತ್ರ. ಮುಖ ಸಣ್ಣಗೆ ಮಾಡಿಕೊಂಡು, ಕೆಲಸಕ್ಕೆ ಹೊತ್ತಾಯಿತೆಂದು ಚಪ್ಪಲಿ ಹುಡುಕತೊಡಗಿದ.

ಅಕ್ಕ ಫೈಲು ತೆರೆದಳು. ಕೆಂಪಿನ ಸುಳಿವೇ ಇರಲಿಲ್ಲ. ಅವರಿಬ್ಬರೂ ಕಿತ್ತೆಸೆದಿದ್ದ ಗುಡ್ಡಗಳೂ ಮೌನಗಳೂ ತಂತಮ್ಮ ಜಾಗದಲ್ಲಿ ಬಂದು ಕೂತಿದ್ದವು. "ಏ, ಬಾರೋ ಇಲ್ಲಿ" ಎಂದಳು. ತಮ್ಮ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಂದು ಬಗ್ಗಿ ನೋಡಿದ. ಕರಡು ತಿದ್ದುವವಳು ತಾನಾಗಿ ಕೈಯಾಡಿಸಿದ್ದು ಒಂದೇ ಕಡೆ, ಕೊನೆಯಲ್ಲಿ, ಅವನು ಅವಳ ಹೆಸರು ಹೇಳುವ ಮುಂಚೆ. ಅಲ್ಲಿ ಖಾಲಿ ಜಾಗವನ್ನು ಇನ್ನಷ್ಟು ಹಿಗ್ಗಿಸಿ, ಅಂಚಿನಲ್ಲಿ ಬರೆದಿದ್ದಳು: "ಇಲ್ಲಿ ಅವಸರ ಮಾಡಿದ್ದೀರಿ. ಜಾಗ ಬಿಟ್ಟಿದ್ದೇನೆ, ನಿಧಾನವಾಗಿ ಕರೆಯಿರಿ."